ಕಬ್ಬಿನ ಬಿಲ್ಲು ಕೈ ಬದಲಿಸಿದ ಬಗೆ

ಶುಕ್ರವಾರ ಸಂಜೆ ಮಂಡ್ಯದ ಯಾವುದಾದರೊಂದು ಬಡಾವಣೆಯ ಗುಡಿಯಲ್ಲೋ ಮೈಸೂರಿನ ಅಗ್ರಹಾರದ ಮನೆಯೊಂದರ ನಡುಮನೆಯಲ್ಲೋ ಹೆಂಗಸರು ಕೂಡಿ ಲಲಿತಾ ಸಹಸ್ರನಾಮ ಹೇಳತೊಡಗಿದರೆ, ಹತ್ತನೆಯ ಮತ್ತು ಹನ್ನೊಂದನೆಯ ನಾಮಗಳಾಗಿ ‘ಮನೋರೂಪೇಕ್ಷುಕೋದಂಡಾ’, ‘ಪಂಚತನ್ಮಾತ್ರಸಾಯಕಾ’ ಎಂಬವು ಬಂದುಹೋಗುತ್ತವೆ. ಮನಸ್ಸೆಂಬ ಕಬ್ಬಿನ ಬಿಲ್ಲನ್ನು ಹಿಡಿದವಳು, ಶಬ್ದ, ಸ್ಪರ್ಶ, ರೂಪ, ರಸ, ಗಂಧಗಳ ತನ್ಮಾತ್ರೆಗಳನ್ನೇ ಐದು ಬಾಣಗಳಾಗಿ ಉಳ್ಳವಳು ಎಂದು ಅವುಗಳ ಅರ್ಥ. ಕನ್ನಂಬಾಡಿಯ ನಾಲೆ ನೀರು ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ‘ಸಕ್ಕರೆ ನಾಡು’ ಎಂದು ಹೆಸರಾದ ಸೀಮೆಯಲ್ಲಿ ಕಬ್ಬೆಂದರೆ ಕಟಾವು, ಟನ್ನಿನ ದರ, ಆಲೆಮನೆಗಳು ನೆನಪಾಗುವುದು ಸಹಜವೇ; ಆದರೆ ಇದೇ ಕಬ್ಬಿನ ಜಲ್ಲೆ ಪುರಾಣದಲ್ಲಿ ಮೊದಲು ಮನ್ಮಥನ ಆಯುಧವಾಗಿತ್ತು, ಹಳಗನ್ನಡದ ಕವಿಗಳು ಅವನನ್ನು ‘ಕಬ್ಬುವಿಲ್ಲ’ ಎಂದೇ ಕರೆಯುತ್ತಿದ್ದರು. ಆ ಬಿಲ್ಲು ದೇವಿಯ ಕೈಗೆ ಬಂದದ್ದು ಹೇಗೆ ಎಂದು ಹುಡುಕಹೊರಟರೆ, ನಮ್ಮಲ್ಲಿ ಪ್ರೇಮದ ಮತ್ತು ಬಯಕೆಯ ದೇವತೆ ಯಾರು ಎಂಬ ಪ್ರಶ್ನೆಯನ್ನೇ ಮೊದಲಿನಿಂದ ಕೇಳಿಕೊಳ್ಳಬೇಕಾಗುತ್ತದೆ.

ಆ ಪ್ರಶ್ನೆಗೆ ಎಲ್ಲರೂ ಥಟ್ಟನೆ ಕೊಡುವ ಉತ್ತರ ರತಿ. ಗ್ರೀಕರ ಅಫ್ರೊಡೈಟಿ, ರೋಮನ್ನರ ವೀನಸ್ ಇದ್ದಂತೆ ನಮಗೆ ರತಿ ಎಂಬ ಹೋಲಿಕೆ ಕೇಳಲು ಸುಲಭ, ಆದರೆ ಅದು ಹೆಚ್ಚು ದೂರ ನಡೆಯುವುದಿಲ್ಲ. ಪಶ್ಚಿಮದಲ್ಲಿ ವೀನಸ್ಸಿನ ಹೆಸರು ಹೊತ್ತ ಗ್ರಹ ನಮ್ಮಲ್ಲಿ ಶುಕ್ರ. ಅವನು ಗಂಡಸು, ಅಸುರರ ಗುರು, ಒಕ್ಕಣ್ಣ. ಆದರೂ ಅವನ ಹೆಸರಿನ ವಾರ ಮಾತ್ರ ಹೇಗೋ ದೇವಿಯ ಪಾಲಿಗೇ ಉಳಿದಿದೆ. ಅಫ್ರೊಡೈಟಿಗೆ ಅವಳದೇ ಗುಡಿಗಳಿದ್ದವು, ಅವಳದೇ ಹಬ್ಬಗಳಿದ್ದವು. ರತಿಯನ್ನು ಈ ಭಾಗದಲ್ಲಿ ನಾನು ಕಂಡಿರುವುದು ಗುಡಿಯ ಹೊರಗೋಡೆಯಲ್ಲಿ, ಬಾಗಿಲವಾಡದಲ್ಲಿ, ಗಂಡನ ಪಕ್ಕದಲ್ಲಿ, ಗರ್ಭಗುಡಿಯಲ್ಲಿ ಕಂಡದ್ದಿಲ್ಲ.

ಹಾಗೆಂದು ಅವಳು ಎಂದಿನಿಂದಲೂ ಗಂಡನ ಪಕ್ಕದಲ್ಲಿದ್ದವಳಲ್ಲ. ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತದಲ್ಲಿ ಕಾಮವು ಎಲ್ಲಕ್ಕೂ ಮೊದಲು ಹುಟ್ಟಿತು, ಅದೇ ಮನಸ್ಸಿನ ಮೊದಲ ಬೀಜ ಎಂಬ ಮಾತಿದೆ. ಅಲ್ಲಿ ಕಾಮನಿಗೆ ಬಿಲ್ಲಿಲ್ಲ, ಹೆಂಡತಿಯಿಲ್ಲ, ಅವನಿನ್ನೂ ವ್ಯಕ್ತಿಯೇ ಅಲ್ಲ. ಅಥರ್ವವೇದದ ಮೂರನೆಯ ಕಾಂಡದ ವಶೀಕರಣ ಮಂತ್ರವೊಂದರಲ್ಲಿ ಅವನ ಬಾಣ ಹೆಣ್ಣಿನ ಎದೆಗೆ ನಾಟಲಿ ಎಂಬ ಕೋರಿಕೆ ಬರುತ್ತದೆ, ಆದರೆ ಅಲ್ಲಿಯೂ ರತಿಯ ಸುಳಿವಿಲ್ಲ. ರತಿಯ ಹೆಸರು ವೇದದ ಓದಿಗೆ ಸೇರುವುದು ಬೇರೊಂದು ಕಡೆ, ಮೊದಲ ಮಂಡಲದ 179ನೆಯ ಸೂಕ್ತದಲ್ಲಿ. ಪ್ರತಿ ಸೂಕ್ತಕ್ಕೂ ಋಷಿ, ದೇವತೆ, ಛಂದಸ್ಸುಗಳನ್ನು ಪಟ್ಟಿಮಾಡುವ ಸರ್ವಾನುಕ್ರಮಣಿಯು ಈ ಸೂಕ್ತದ ದೇವತೆ ರತಿ ಎಂದು ಹೇಳುತ್ತದೆ. ಸೂಕ್ತದಲ್ಲಿ ಮಾತನಾಡುವವರು ಅಗಸ್ತ್ಯ ಮತ್ತು ಲೋಪಾಮುದ್ರೆ. ಎಂದರೆ ವೇದದ ಮಟ್ಟಿಗೆ ಕಾಮನಿಗೆ ರತಿಯಿಲ್ಲ, ರತಿಗೆ ಕಾಮನಿಲ್ಲ. ಇಬ್ಬರೂ ಬೇರೆ ಬೇರೆ ಮನೆಯವರು.

ಆರೇ ಋಕ್ಕುಗಳ ಈ ಸೂಕ್ತ ಹೆಣ್ಣಿನ ದನಿಯಲ್ಲಿ ಶುರುವಾಗುತ್ತದೆ. ಎಷ್ಟೋ ಶರತ್ಕಾಲಗಳಿಂದ ಹಗಲಿರುಳೂ ದುಡಿದು ದಣಿದಿದ್ದೇನೆ, ಒಂದೊಂದು ಉಷಸ್ಸೂ ಮುಪ್ಪನ್ನು ತರುತ್ತಿದೆ, ಮುಪ್ಪು ಮೈಯ ಚೆಲುವನ್ನು ಕರಗಿಸುತ್ತದೆ, ಗಂಡಂದಿರು ಹೆಂಡಿರ ಬಳಿಗೆ ಬರಬೇಕು ಎಂದು ಲೋಪಾಮುದ್ರೆ ಹೇಳುತ್ತಾಳೆ. ಸತ್ಯವನ್ನೇ ನುಡಿಯುತ್ತಿದ್ದ ಹಿಂದಿನವರೂ ತಪಸ್ಸಿನ ಕೊನೆ ಕಾಣಲಿಲ್ಲ ಎಂದು ತನ್ನ ಮಾತಿಗೆ ಆಧಾರವನ್ನೂ ಕೊಡುತ್ತಾಳೆ. ಇದು ಒಲಿಸುವವಳ ಒಯ್ಯಾರವಲ್ಲ, ವಾದ. ಅಗಸ್ತ್ಯ ಒಪ್ಪುತ್ತಾನೆ. ಮರ್ತ್ಯನಾದವನು ಬಹುಕಾಮಿ ಎಂಬ ತಪ್ಪೊಪ್ಪಿಗೆಯಂಥ ಸಾಲೊಂದು ನಡುವೆ ಬರುತ್ತದೆ, ಆದರೆ ಕೊನೆಯ ಋಕ್ಕು ಪಶ್ಚಾತ್ತಾಪದಲ್ಲಿ ನಿಲ್ಲುವುದಿಲ್ಲ: ಗುದ್ದಲಿ ಹಿಡಿದು ಅಗೆಯುತ್ತ, ಸಂತಾನವನ್ನೂ ಬಲವನ್ನೂ ಬಯಸಿದ ಅಗಸ್ತ್ಯ ಎರಡು ಬಗೆಯನ್ನೂ ಪೋಷಿಸಿದನೆಂದು ಹೇಳುತ್ತದೆ. ತಪಸ್ಸು ಮತ್ತು ಸಂಸಾರ ಎರಡನ್ನೂ ಎಂದು ಅದನ್ನು ಓದಿಕೊಳ್ಳಬಹುದು. ಹೊಲ ಅಗೆಯುವವನ ಹೋಲಿಕೆಯನ್ನು ದಾಂಪತ್ಯಕ್ಕೆ ತಂದ ಆ ಹಳೆಯ ಕವಿಯ ಧೈರ್ಯ ನನಗೆ ಮುಂದಿನ ಅನೇಕ ಕಾವ್ಯಗಳ ಅಲಂಕಾರಕ್ಕಿಂತ ಹಿತವಾಗಿ ತೋರಿದೆ.

ಮಹಾಭಾರತದ ವನಪರ್ವಕ್ಕೆ ಬರುವ ಹೊತ್ತಿಗೆ ಲೋಪಾಮುದ್ರೆ ವಿದರ್ಭದ ರಾಜಕುಮಾರಿಯಾಗಿದ್ದಾಳೆ. ನಾರುಡೆ ಉಟ್ಟು ಗಂಡನೊಡನೆ ತಪಸ್ಸಿಗೂ ನಿಲ್ಲುತ್ತಾಳೆ, ಆದರೆ ಅವನೇ ಬಯಸಿ ಬಂದಾಗ ತವರಿನಲ್ಲಿದ್ದಂಥ ಹಾಸಿಗೆ ಬೇಕು, ಇಬ್ಬರ ಮೈಮೇಲೂ ಒಡವೆ ಬೇಕು ಎಂದು ಷರತ್ತು ಹಾಕುತ್ತಾಳೆ. ಅದಕ್ಕಾಗಿ ಧನ ಹುಡುಕಿಕೊಂಡು ಹೊರಟ ಅಗಸ್ತ್ಯನೇ ಇಲ್ವಲನ ಮನೆ ಸೇರಿ ವಾತಾಪಿಯನ್ನು ಜೀರ್ಣಿಸಿಕೊಂಡದ್ದು. ಮಗುವಿನ ಹೊಟ್ಟೆ ನೀವುತ್ತ ‘ವಾತಾಪಿ ಜೀರ್ಣೋ ಭವ’ ಎನ್ನುವ ಅಜ್ಜಿಯರು ಆ ಕತೆಯ ಮೂಲ ಒಬ್ಬ ಹೆಂಡತಿಯ ಬೇಡಿಕೆಯಲ್ಲಿದೆ ಎಂಬ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಕಾಮನಿಗೆ ರತಿ ಹೆಂಡತಿಯಾಗಿ ಕಾಣಿಸುವುದೂ ಮಹಾಭಾರತದಲ್ಲಿಯೇ. ಆದಿಪರ್ವದ ವಂಶಾವಳಿಯಲ್ಲಿ ಧರ್ಮನ ಮಕ್ಕಳು ಶಮ, ಕಾಮ, ಹರ್ಷ ಎಂಬ ಮೂವರು, ಕಾಮನ ಹೆಂಡತಿ ರತಿ ಎಂದು ಒಂದು ಸಾಲು ಹೇಳಿ ಮುಂದೆ ಹೋಗುತ್ತದೆ. ಪುರಾಣಗಳು ಅವಳಿಗೆ ಹುಟ್ಟನ್ನು ಒದಗಿಸಿದವು: ಬ್ರಹ್ಮನ ಸಭೆಯಲ್ಲಿ ಕಾಮ ತನ್ನ ಬಾಣಗಳ ಬಲ ಪರೀಕ್ಷಿಸಿದಾಗ ದಕ್ಷನ ಬೆವರಿನಿಂದ ಹುಟ್ಟಿದವಳು ಅವಳೆಂದು ಕಾಲಿಕಾ ಪುರಾಣ, ಶಿವಪುರಾಣಗಳು ಹೇಳುತ್ತವೆ. ವಿಷ್ಣುಧರ್ಮೋತ್ತರವು ಎಂಟು ಕೈಗಳ ಕಾಮನಿಗೆ ರತಿ, ಪ್ರೀತಿ, ಶಕ್ತಿ, ಮದಶಕ್ತಿ ಎಂಬ ನಾಲ್ವರು ಹೆಂಡಿರನ್ನು ಹೇಳಿ, ಅವನ ಸುತ್ತ ಅವರನ್ನು ಹೇಗೆ ಕೆತ್ತಬೇಕೆಂದೂ ವಿವರಿಸುತ್ತದೆ. ದೇವತೆಯಾಗಿದ್ದವಳು ಪರಿವಾರಕ್ಕೆ ಸೇರಿದಳು. ವಿಷ್ಣುವರ್ಧನನು 1117ರಲ್ಲಿ ಕಟ್ಟಿಸಿದ ಬೇಲೂರಿನ ಗುಡಿಯಲ್ಲಿ ಅವಳಿರುವುದು ಪೂರ್ವದ ಬಾಗಿಲಲ್ಲಿ, ಮನ್ಮಥನ ಜೋಡಿಯಾಗಿ. ಒಳಗೆ ಹೋಗುವವರು ಅವರಿಬ್ಬರ ನಡುವೆಯೇ ಹಾದುಹೋಗಬೇಕು.

ಕಾಮದಹನದ ಕತೆ ಅವಳಿಗೆ ಕೊಟ್ಟ ಪಾತ್ರ ಇನ್ನೂ ಕಿರಿದು. ತಾರಕಾಸುರನನ್ನು ಕೊಲ್ಲಲು ಶಿವನ ಮಗ ಬೇಕು, ಶಿವನಲ್ಲಿ ಬಯಕೆ ಹುಟ್ಟಿಸಲು ಕಾಮ ಹೋಗಬೇಕು, ಹೋದವನು ಹಣೆಗಣ್ಣಿನ ಉರಿಗೆ ಬೂದಿಯಾಗಬೇಕು. ಉಳಿದ ರತಿಗೆ ಅಳುವುದೊಂದೇ ಕೆಲಸ. ಕಾಳಿದಾಸ ಕುಮಾರಸಂಭವದ ನಾಲ್ಕನೆಯ ಸರ್ಗವನ್ನೇ ಅವಳ ಪ್ರಲಾಪಕ್ಕೆ ಬಿಟ್ಟುಕೊಟ್ಟ. ಅದಕ್ಕೂ ಮೊದಲು, ಗಂಡನ ಗತಿ ಕ್ಷಣಕಾಲ ತಿಳಿಯದಂತೆ ಮಾಡಿದ ಮೂರ್ಛೆ ಅವಳಿಗೆ ಉಪಕಾರವನ್ನೇ ಮಾಡಿತು ಎಂದು ಅವನು ಬರೆದ ಪದ್ಯ ಆ ಇಡೀ ಪ್ರಲಾಪಕ್ಕಿಂತ ಹೆಚ್ಚು ಇರಿಯುತ್ತದೆ. ಕನ್ನಡದಲ್ಲಿ ಹರಿಹರನ ಗಿರಿಜಾಕಲ್ಯಾಣ ಇದೇ ದುಃಖವನ್ನು ಮೈತುಂಬಿ ಹಾಡಿತು. ಹದಿಮೂರನೆಯ ಶತಮಾನದ ಆಂಡಯ್ಯ ಮಾತ್ರ ಕತೆಯನ್ನೇ ತಿರುಗಿಸಿಬಿಟ್ಟ: ಸಂಸ್ಕೃತದ ತತ್ಸಮಗಳನ್ನು ದೂರವಿಟ್ಟು ಬರೆದ ಕಬ್ಬಿಗರ ಕಾವದಲ್ಲಿ ಚಂದ್ರನನ್ನು ಸೆರೆಹಿಡಿದ ಶಿವನ ಮೇಲೆ ಕಾಮನೇ ದಂಡೆತ್ತಿ ಹೋಗಿ ಗೆಲ್ಲುತ್ತಾನೆ, ಶಿವ ಅರ್ಧನಾರಿಯಾಗುತ್ತಾನೆ. ಆ ಕಾವ್ಯದಲ್ಲಿ ರತಿಗಿರುವ ಅಚ್ಚಗನ್ನಡ ಹೆಸರು ‘ಇಚ್ಚೆಗಾರ್ತಿ’. ಅಷ್ಟು ಸೊಗಸಾದ ಹೆಸರು ಸಿಕ್ಕರೂ ಪಾಪ, ಶಿವನ ಶಾಪದಿಂದ ಗಂಡನನ್ನು ಅಗಲುವ ಪಾಡು ಅವಳಿಗೆ ಅಲ್ಲಿಯೂ ತಪ್ಪಲಿಲ್ಲ.

ಜೈನರ ಲೆಕ್ಕವೇ ಬೇರೆ. ಅವರಲ್ಲಿ ಕಾಮದೇವರು 24 ಮಂದಿ, ಮೊದಲನೆಯವನು ಬಾಹುಬಲಿ. ಗೊಮ್ಮಟ ಎಂಬ ಶಬ್ದ ಮನ್ಮಥ ಶಬ್ದದಿಂದಲೇ ಬಂದದ್ದೆಂದು ಗೋವಿಂದ ಪೈಗಳು ವಾದಿಸಿದ್ದರು. ಮೈಸೂರಿನ ಪಕ್ಕದ ಗೊಮ್ಮಟಗಿರಿಯಲ್ಲಿ ಬಳ್ಳಿ ಹಬ್ಬಿಸಿಕೊಂಡು ನಿಂತಿರುವ ಮನ್ಮಥನನ್ನು ಯಾರೂ ಸುಟ್ಟವರಲ್ಲ, ಅವನೇ ಎಲ್ಲವನ್ನೂ ಬಿಟ್ಟವನು. ಅಲ್ಲಿ ಅಳುವ ರತಿಯ ಅಗತ್ಯವೇ ಬೀಳಲಿಲ್ಲ. ಇತ್ತ ಫಾಲ್ಗುಣದ ಹುಣ್ಣಿಮೆಗೆ ನಮ್ಮ ಊರುಗಳ ಹುಡುಗರು ಕಾಮಣ್ಣನನ್ನು ಸುಡಲು ಸೌದೆ ಬೆರಣಿ ಕದ್ದ ಪದ ಹೇಳುವಾಗಲೂ ಅವಳ ಹೆಸರಿಲ್ಲ. ಉತ್ತರ ಕರ್ನಾಟಕದವರು ಈ ವಿಷಯದಲ್ಲಿ ಉದಾರಿಗಳು. ಅಲ್ಲಿ ರತಿ ಕಾಮರನ್ನು ಜೋಡಿಯಾಗಿಯೇ ಕೂರಿಸುತ್ತಾರೆ, ರಾಣೆಬೆನ್ನೂರಿನಲ್ಲಿ ಜೀವಂತ ರತಿ ಕಾಮಣ್ಣರಾಗಿ ಅಲುಗದೆ ಕುಳಿತವರನ್ನು ನಗಿಸುವ ಪಂದ್ಯವೇ ಇದೆ.

ರತಿ ಅಳು ಒರೆಸಿಕೊಂಡು ಕೆಲಸಕ್ಕೆ ಇಳಿಯುವ ಕತೆ ಭಾಗವತದ ದಶಮ ಸ್ಕಂಧದಲ್ಲಿದೆ. ಕಾಮ ಕೃಷ್ಣ ರುಕ್ಮಿಣಿಯರ ಮಗ ಪ್ರದ್ಯುಮ್ನನಾಗಿ ಹುಟ್ಟುತ್ತಾನೆ. ಶಂಬರಾಸುರ ಹಸುಗೂಸನ್ನು ಕದ್ದು ಕಡಲಿಗೆ ಎಸೆಯುತ್ತಾನೆ. ಮಗುವನ್ನು ನುಂಗಿದ ಮೀನು ಬಲೆಗೆ ಬಿದ್ದು ಅದೇ ಶಂಬರನ ಅಡುಗೆಮನೆಗೆ ಬರುತ್ತದೆ. ಅಲ್ಲಿ ಮಾಯಾವತಿ ಎಂಬ ಹೆಸರಿನಲ್ಲಿ ಅಡುಗೆಯ ಕೆಲಸಕ್ಕಿದ್ದವಳೇ ರತಿ, ಗಂಡ ಮತ್ತೆ ಮೈ ಪಡೆಯುವುದನ್ನು ಕಾಯುತ್ತಿದ್ದವಳು. ನಾರದನಿಂದ ನಿಜ ತಿಳಿದು ಅವಳು ಕೂಸನ್ನು ಸಾಕುತ್ತಾಳೆ, ಬೆಳೆದವನಿಗೆ ಅವನಾರೆಂದು ಹೇಳುತ್ತಾಳೆ, ಎಲ್ಲ ಮಾಯೆಯನ್ನೂ ಮುರಿಯುವ ಮಹಾಮಾಯಾ ವಿದ್ಯೆಯನ್ನು ಕಲಿಸಿ ಶಂಬರನನ್ನು ಕೊಲ್ಲಿಸಿ ದ್ವಾರಕೆಗೆ ಕರೆತರುತ್ತಾಳೆ. ಸಾಕಿದವಳನ್ನು ತಾಯಿಯೆಂದೇ ತಿಳಿದಿದ್ದ ಪ್ರದ್ಯುಮ್ನ ಅವಳ ನೋಟ ಕಂಡು ತಬ್ಬಿಬ್ಬಾಗುವ ಸಂಗತಿಯನ್ನು ಪುರಾಣ ಮುಚ್ಚಿಡದೆ ಹೇಳುತ್ತದೆ. ಹರಿಕಥೆಗಳಲ್ಲಿ ಈ ಭಾಗ ಬೇಗ ಮುಗಿಯುವುದಕ್ಕೆ ಅದೂ ಒಂದು ಕಾರಣವಿರಬೇಕು.

ಕಾಮನ ಬೂದಿಗೆ ಇನ್ನೊಂದು ಗತಿಯನ್ನು ಕಾಣಿಸುವುದು ಬ್ರಹ್ಮಾಂಡಪುರಾಣಕ್ಕೆ ಸೇರಿದ ಲಲಿತೋಪಾಖ್ಯಾನ. ಬಿಲ್ಲಿನ ಕತೆಯೂ ಇಲ್ಲಿಯೇ ತಿರುವು ಪಡೆಯುತ್ತದೆ. ಶಿವಗಣದ ಚಿತ್ರಕರ್ಮನೊಬ್ಬ ಆ ಬೂದಿಯಿಂದ ಬೊಂಬೆ ಮಾಡುತ್ತಾನೆ, ಬೊಂಬೆ ಜೀವತಳೆದು ಭಂಡಾಸುರನಾಗುತ್ತದೆ. ಸುಟ್ಟ ಬಯಕೆಯಿಂದ ಹುಟ್ಟಿದ ಈ ಅಸುರ ಲೋಕದ ಸಾರವನ್ನೆಲ್ಲ ಹೀರುತ್ತಾನೆ. ದೇವತೆಗಳ ಯಾಗದ ಚಿದಗ್ನಿಕುಂಡದಿಂದ ಎದ್ದುಬಂದ ಲಲಿತೆಯ ಕೈಗಳಲ್ಲಿ ಪಾಶ, ಅಂಕುಶಗಳ ಜೊತೆಗೆ ಕಾಮನ ಕಬ್ಬಿನ ಬಿಲ್ಲೂ ಹೂಬಾಣಗಳೂ ಇವೆ. ಅವಳು ಭಂಡನನ್ನು ಕೊಂದ ಮೇಲೆ ರತಿಗಾಗಿ ಕಾಮನನ್ನು ಬದುಕಿಸುತ್ತಾಳೆ. ಸಹಸ್ರನಾಮದ 84ನೆಯ ನಾಮ ‘ಹರನೇತ್ರಾಗ್ನಿಸಂದಗ್ಧಕಾಮಸಂಜೀವನೌಷಧಿಃ’ ಹೇಳುವುದು ಅದನ್ನೇ: ಶಿವ ಸುಟ್ಟವನಿಗೆ ಜೀವ ಕೊಟ್ಟ ಮದ್ದು ಅವಳು. ಮುಂದೆ 315, 316ರಲ್ಲಿ ಅವಳೇ ‘ರತಿರೂಪಾ’, ‘ರತಿಪ್ರಿಯಾ’ ಆಗುತ್ತಾಳೆ. ಶಂಕರಾಚಾರ್ಯರ ಹೆಸರಿನಲ್ಲಿರುವ ಸೌಂದರ್ಯಲಹರಿಯ ಐದು ಮತ್ತು ಆರನೆಯ ಪದ್ಯಗಳಂತೆ ಕಾಮನ ಮೈ ಈಗ ರತಿಯ ಕಣ್ಣಿಗಷ್ಟೇ ಸವಿ. ಹೂವಿನ ಬಿಲ್ಲು, ದುಂಬಿಗಳ ಹೆದೆ, ಐದೇ ಬಾಣಗಳನ್ನು ಇಟ್ಟುಕೊಂಡ ಆ ಮೈಯಿಲ್ಲದವನು ಜಗತ್ತನ್ನು ಗೆಲ್ಲುವುದು ದೇವಿಯ ಕಡೆಗಣ್ಣಿನ ಕೃಪೆಯಿಂದ. ಕಾಮ ಅಲ್ಲಿಂದ ಮುಂದೆ ಅವಳ ಭಕ್ತ. ಕಂಚಿಯ ಕಾಮಾಕ್ಷಿಯ ಕೈಯಲ್ಲೂ ಇದೇ ಬಿಲ್ಲು. ಮೈಸೂರಿನ ರಾಮಾನುಜ ರಸ್ತೆಯ ಕಾಮಕಾಮೇಶ್ವರಿಯ ಹೆಸರಿನಲ್ಲಂತೂ ಕಾಮ ಎರಡು ಸಲ ಇದೆ.

ಲಲಿತೆಯನ್ನು ಮಂತ್ರದಿಂದ ಆರಾಧಿಸುವ ಶ್ರೀವಿದ್ಯೆಯ ಉಪಾಸಕರು ಇಲ್ಲಿ ಇನ್ನೊಂದು ಸಂಗತಿಯನ್ನು ಸೇರಿಸುತ್ತಾರೆ. ದೇವಿಯ ಹದಿನೈದು ಅಕ್ಷರಗಳ ಮಂತ್ರಕ್ಕೆ ಕಾದಿ, ಹಾದಿ ಎಂಬ ಎರಡು ಮುಖ್ಯ ಪರಂಪರೆಗಳಿವೆ. ‘ಕ’ಕಾರದಿಂದ ಮೊದಲಾಗುವ ಕಾದಿ ವಿದ್ಯೆಗೆ ಮನ್ಮಥನ ಹೆಸರಿದೆ, ‘ಹ’ಕಾರದಿಂದ ಮೊದಲಾಗುವ ಹಾದಿ ವಿದ್ಯೆಗೆ ಲೋಪಾಮುದ್ರೆಯ ಹೆಸರಿದೆ. ಸಹಸ್ರನಾಮವನ್ನು ಹಯಗ್ರೀವನು ಉಪದೇಶಿಸಿದ್ದು ಅಗಸ್ತ್ಯನಿಗೆ, ಅದರೊಳಗೆ ದೇವಿಗೆ ‘ಲೋಪಾಮುದ್ರಾರ್ಚಿತಾ’ ಎಂಬ ನಾಮವೂ ಇದೆ. ಋಗ್ವೇದದಲ್ಲಿ ರತಿಯ ಸೂಕ್ತ ನುಡಿದವಳು ಇಷ್ಟು ಶತಮಾನಗಳ ಬಳಿಕ ಕಾಮನಿಗೆ ಸರಿಸಮನಾಗಿ, ಅವನ ಹೆಂಡತಿಯಾಗಿ ಅಲ್ಲ, ಒಂದು ವಿದ್ಯೆಯ ಒಡತಿಯಾಗಿ ಮರಳಿದ್ದಾಳೆ. ಕಾಮನ ನಿಜವಾದ ಜೋಡಿ ಯಾರೆಂದು ಕೇಳಿದರೆ ನಾನು ಲೋಪಾಮುದ್ರೆಯ ಹೆಸರನ್ನೇ ಹೇಳುತ್ತೇನೆ.

ಬೆಟ್ಟದ ತಾಯಿ ಚಾಮುಂಡಿಯನ್ನು ಈ ಸಾಲಿಗೆ ಸೇರಿಸಿದರೆ ಕೆಲವರು ಹುಬ್ಬೇರಿಸಬಹುದು. ಆದರೆ ದೇವೀಮಾಹಾತ್ಮ್ಯದ ಐದನೆಯ ಅಧ್ಯಾಯದಲ್ಲಿ ಯುದ್ಧ ಶುರುವಾಗುವುದೇ ಬಯಕೆಯಿಂದ: ಚಂಡ ಮುಂಡರು ದೇವಿಯ ಚೆಲುವನ್ನು ಕಂಡು ಶುಂಭನಿಗೆ ಬಣ್ಣಿಸುತ್ತಾರೆ, ಅವನು ಮದುವೆಯ ಮಾತು ಕಳಿಸುತ್ತಾನೆ, ಯುದ್ಧದಲ್ಲಿ ನನ್ನನ್ನು ಗೆದ್ದು ನನ್ನ ದರ್ಪ ಇಳಿಸಿದವನೇ ನನಗೆ ಗಂಡ ಎಂದು ಅವಳು ಉತ್ತರಿಸುತ್ತಾಳೆ. ಗೆದ್ದವರು ಯಾರೂ ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ದೇವತೆಗಳ ರೂಪಗಳನ್ನು ಚಿತ್ರಸಹಿತ ಸಂಗ್ರಹಿಸಿದ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಮೊದಲನೆಯದು ಶಕ್ತಿನಿಧಿಯೇ ಆಗಿರುವುದು ಇಂಥ ದೇವಿಯ ಊರಿಗೆ ತಕ್ಕದ್ದಾಗಿದೆ.

ಲೋಪಾಮುದ್ರೆಗೆ ಈ ಸೀಮೆಯಲ್ಲಿ ಇನ್ನೊಂದು ಹೆಸರಿದೆ. ಕಾವೇರಿಯ ಮಾಹಾತ್ಮ್ಯದ ಪ್ರಕಾರ ಬ್ರಹ್ಮ ಕೊಟ್ಟ ಲೋಪಾಮುದ್ರೆ ಕವೇರ ಮುನಿಯ ಮಗಳಾಗಿ ಬೆಳೆದು ಕಾವೇರಿ ಎನಿಸಿಕೊಂಡಳು. ತನ್ನನ್ನು ಒಂಟಿಯಾಗಿ ಬಿಟ್ಟುಹೋಗಬಾರದೆಂಬ ಷರತ್ತಿನ ಮೇಲೆ ಅಗಸ್ತ್ಯನ ಕೈಹಿಡಿದಳು. ಅವನು ಅವಳನ್ನು ಕಮಂಡಲದಲ್ಲಿಟ್ಟು ಸ್ನಾನಕ್ಕೆ ಹೋದ ದಿನ ಹೊಳೆಯಾಗಿ ಹರಿದುಬಿಟ್ಟಳು. ಗಂಡ ಬರಲಿಲ್ಲವೆಂದು ವೇದದಲ್ಲಿ ಮಾತಾಡಿದವಳು ಇಲ್ಲಿ ಮಾತಾಡುವುದಕ್ಕೂ ನಿಲ್ಲುವುದಿಲ್ಲ. ಅವಳು ಕಪಿಲೆಯನ್ನು ಕೂಡಿಕೊಳ್ಳುವ ತಿರುಮಕೂಡಲಿನಲ್ಲಿ, ಟಿ. ನರಸೀಪುರದ ಎದುರಿಗೆ, ಅಗಸ್ತ್ಯ ಮರಳಿನಿಂದ ಮಾಡಿ ನಿಲ್ಲಿಸಿದನೆಂದು ಹೇಳುವ ಲಿಂಗವಿರುವ ಅಗಸ್ತ್ಯೇಶ್ವರನ ಗುಡಿಯಿದೆ. ಹೊಳೆ ಆ ಗುಡಿಯನ್ನು ಮುಟ್ಟುವ ಎಷ್ಟೋ ಮೊದಲೇ ಅದರ ನೀರಿನ ಒಂದು ಪಾಲು ಕನ್ನಂಬಾಡಿಯಲ್ಲಿ ನಾಲೆಗೆ ತಿರುಗಿ ಮಂಡ್ಯದ ಕಬ್ಬಿನ ಗದ್ದೆಗಳಿಗೆ ಹೋಗಿರುತ್ತದೆ.