‘ಬಿಟ್ವೀನ್ ಯೂ ಅಂಡ್ ಐ’ ಅಂದರೆ ಮರ್ಯಾದೆ ಹೆಚ್ಚುವುದಿಲ್ಲ

ಓದುಗರ ಪ್ರಶ್ನೆ: ‘ದಿಸ್ ಈಸ್ ಬಿಟ್ವೀನ್ ಯೂ ಅಂಡ್ ಐ’ ಸರಿಯೋ, ‘ಬಿಟ್ವೀನ್ ಯೂ ಅಂಡ್ ಮೀ’ ಸರಿಯೋ? ಕೋಚಿಂಗ್ ಕ್ಲಾಸಿನಲ್ಲಿ ಒಂದು ಹೇಳುತ್ತಾರೆ, ಆಫೀಸಿನ ಮೇಲ್‌ಗಳಲ್ಲಿ ಇನ್ನೊಂದು ಕಾಣುತ್ತದೆ. ‘ಮೀ’ ಅನ್ನುವುದು ಸ್ವಲ್ಪ ಒರಟು, ದೊಡ್ಡವರ ಮುಂದೆ ‘ಐ’ ಅನ್ನಬೇಕು ಅಂತಲೂ ಕೇಳಿದ್ದೇನೆ.

ಉತ್ತರ: ‘ಬಿಟ್ವೀನ್ ಯೂ ಅಂಡ್ ಮೀ’. ನಾಳೆ ಪರೀಕ್ಷೆ ಇಟ್ಟುಕೊಂಡವರು ಇಷ್ಟು ಓದಿ ಎದ್ದು ಹೋಗಬಹುದು.

ಮಿಕ್ಕವರು ಕೂತುಕೊಳ್ಳಿ. ಈ ಪ್ರಶ್ನೆಗೆ ಉತ್ತರ ಬರೆದು ಬರೆದು ಸಾಕಾಗಿದೆ, ಆದರೂ ಮತ್ತೆ ಬರೆಯುತ್ತಿರುವುದು ಕೊನೆಯ ವಾಕ್ಯದ ಸಲುವಾಗಿ. ‘ಮೀ’ ಒರಟಂತೆ, ‘ಐ’ ಮರ್ಯಾದೆಯಂತೆ. ಈ ನಂಬಿಕೆ ಇರುವವರೆಗೆ ಸರಿ ಉತ್ತರ ಎಷ್ಟು ಸಲ ಹೇಳಿಕೊಟ್ಟರೂ ಉಳಿಯುವುದಿಲ್ಲ. ಪರೀಕ್ಷೆಯಲ್ಲಿ ಸರಿ ಬರೆದು ಬಂದವರೇ ಮರುದಿನ ಬಾಸ್‌ಗೆ ‘ಥ್ಯಾಂಕ್ಯೂ ಫಾರ್ ಇನ್ವೈಟಿಂಗ್ ಮೈ ವೈಫ್ ಅಂಡ್ ಐ’ ಅಂತ ಕಳಿಸುತ್ತಾರೆ.

ಮೊದಲು ನಿಯಮ, ಚುಟುಕಾಗಿ. ಇಂಗ್ಲಿಷಿನಲ್ಲಿ ಕೆಲಸ ಮಾಡುವವನಿಗೆ ಐ, ಹೀ, ಶೀ, ವೀ, ದೇ. ಕೆಲಸ ಯಾರ ಮೇಲೆ ಬೀಳುತ್ತದೋ ಅವರಿಗೆ, ಹಾಗೆಯೇ ಟು, ಫಾರ್, ವಿತ್, ಬಿಟ್ವೀನ್ ಥರದ ಪ್ರಿಪೊಸಿಷನ್‌ಗಳ ನಂತರ, ಮೀ, ಹಿಮ್, ಹರ್, ಅಸ್, ದೆಮ್. ಯೂ ಮತ್ತು ಇಟ್ ಎರಡೂ ಕಡೆ ಒಂದೇ. ಇಷ್ಟೇ. ‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’ ಅಂತ ಏಳು ವಿಭಕ್ತಿಯನ್ನು ಬಾಯಿಪಾಠ ಒಪ್ಪಿಸಿ ಬೆಳೆದವರು ನಾವು. ಅಂಥವರಿಗೆ ಎರಡು ರೂಪ ನೋಡಿ ಗಾಬರಿಯೇಕೆ?

ಗಾಬರಿ ವ್ಯಾಕರಣದಿಂದ ಬಂದದ್ದಲ್ಲ. ‘ಹೀ ಕಾಲ್ಡ್ ಐ’ ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಆರನೇ ಕ್ಲಾಸಿನ ಹುಡುಗನೂ ‘ಹೀ ಕಾಲ್ಡ್ ಮೀ’ ಅನ್ನುತ್ತಾನೆ. ಪಕ್ಕದಲ್ಲಿ ಇನ್ನೊಬ್ಬರ ಹೆಸರು ಬಂದು, ನಡುವೆ ‘ಅಂಡ್’ ಸೇರಿದ ಕೂಡಲೇ ಎಂ.ಎ. ಓದಿದವರೂ ‘ಹೀ ಕಾಲ್ಡ್ ರವಿ ಅಂಡ್ ಐ’ ಅನ್ನುತ್ತಾರೆ. ಒಂಟಿಯಾಗಿದ್ದಾಗ ಸರಿಯಾಗಿದ್ದ ಕಿವಿ ಜೋಡಿಯಾದಾಗ ಕೆಡುತ್ತದೆ ಅಂದರೆ, ಆ ಜೋಡಿಯ ಬಗ್ಗೆ ಯಾರೋ ಏನೋ ತಲೆಗೆ ತುಂಬಿದ್ದಾರೆ ಅಂತಲೇ ಅರ್ಥ.

ತುಂಬಿದವರು ನಾವೇ, ಮೇಷ್ಟ್ರುಗಳು. ಮಗು ಓಡಿ ಬಂದು ‘ಮಿಸ್, ಮೀ ಅಂಡ್ ರವಿ ಫಿನಿಶ್ಡ್’ ಅನ್ನುತ್ತದೆ. ಮಿಸ್ ತಿದ್ದುತ್ತಾರೆ: ‘ರವಿ ಅಂಡ್ ಐ’. ಈ ಒಂದು ತಿದ್ದುಪಡಿಯಲ್ಲಿ ಎರಡು ಬೇರೆ ಬೇರೆ ಪಾಠ ಇದೆ. ಕೆಲಸ ಮುಗಿಸಿದವರು ನೀವೇ ಆದ್ದರಿಂದ ‘ಐ’ ಬೇಕು, ಅದು ವ್ಯಾಕರಣ. ಹೆಸರು ಹೇಳುವಾಗ ಬೇರೆಯವರನ್ನು ಮುಂದಿಟ್ಟು ನಿಮ್ಮನ್ನು ಕೊನೆಗಿಡಿ, ಇದು ನಡವಳಿಕೆ. ಮಗುವಿಗೆ ಎರಡೂ ಬೆರೆತು ಒಂದೇ ಪಾಠವಾಗಿ ಕೇಳಿಸಿತು: ‘ಮೀ’ ಕೆಟ್ಟದ್ದು, ‘ಅಂಡ್ ಐ’ ಒಳ್ಳೆಯದು. ಆ ಮಗು ಈಗ ಮೂವತ್ತೈದರ ಟೀಮ್ ಲೀಡ್.

ಕೋಚಿಂಗ್ ಸೆಂಟರುಗಳು ಇದಕ್ಕೆ ಒಂದು ನಂಬರ್ ಕೊಟ್ಟು ಗಟ್ಟಿ ಮಾಡಿಟ್ಟಿವೆ. ಬ್ಯಾಂಕ್ ಪರೀಕ್ಷೆಗೋ ಎಸ್‌ಡಿಎ ಎಫ್‌ಡಿಎಗೋ ಓದಿದವರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ‘2-3-1’ ಅನ್ನುತ್ತಾರೆ. ಮೊದಲು ಯೂ, ಆಮೇಲೆ ಹೀ, ಕೊನೆಗೆ ಐ. ತಪ್ಪೊಪ್ಪಿಕೊಳ್ಳುವಾಗ ಮಾತ್ರ 1-2-3, ನಾನು ಮೊದಲು. ನಮ್ಮೂರಿನ ಇಂಗ್ಲಿಷಿಗೆ ವೇದವಾಗಿರುವ ರೆನ್ ಅಂಡ್ ಮಾರ್ಟಿನ್ ಪುಸ್ತಕದಲ್ಲೂ ತನ್ನನ್ನು ಕೊನೆಗೆ ಹೇಳಿಕೊಳ್ಳುವುದು ಸೌಜನ್ಯ ಅಂತಲೇ ಇದೆ. ಯಾರದೂ ತಕರಾರಿಲ್ಲ. ಆದರೆ 2-3-1 ಅನ್ನುವುದು ಸಾಲಿನ ಲೆಕ್ಕ, ರೂಪದ ಲೆಕ್ಕ ಅಲ್ಲ. ಮದುವೆ ಪಂಕ್ತಿಯಲ್ಲಿ ಯಾರು ಮೊದಲು ಕೂರಬೇಕು ಅನ್ನುವುದು ಒಂದು, ಎಲೆಗೆ ಏನು ಬಡಿಸಬೇಕು ಅನ್ನುವುದು ಇನ್ನೊಂದು. ‘ಯೂ, ಹೀ ಅಂಡ್ ಐ’ ಅಂತ ಉರು ಹೊಡೆದವರು ಅದನ್ನು ಮಂತ್ರದಂತೆ ಇಡಿಯಾಗಿ ಎತ್ತಿ ‘ಬಿಟ್ವೀನ್’ ಮುಂದೆ ಇಟ್ಟುಬಿಡುತ್ತಾರೆ. ಅಲ್ಲಿ ಬೇಕಿರುವುದು ‘ಯೂ, ಹಿಮ್ ಅಂಡ್ ಮೀ’. ಸಾಲು ಅದೇ 2-3-1. ನಿಮ್ಮ ಸೌಜನ್ಯಕ್ಕೆ ಎಳ್ಳಷ್ಟೂ ಕುಂದು ಬಂದಿಲ್ಲ.

ಈ ಭ್ರಮೆ ಕನ್ನಡಿಗರಿಗೆ ಇಷ್ಟು ಬಿಗಿಯಾಗಿ ಅಂಟಿಕೊಳ್ಳಲು ಇನ್ನೊಂದು ಕಾರಣವೂ ಇದೆ ಅನ್ನುವುದು ನನ್ನ ಎಣಿಕೆ. ನಮ್ಮಲ್ಲಿ ಮರ್ಯಾದೆ ಕೂತಿರುವುದೇ ಸರ್ವನಾಮದಲ್ಲಿ. ನೀನು ಎಂದರೆ ಸಲಿಗೆ, ನೀವು ಎಂದರೆ ಗೌರವ. ಹೆಡ್‌ಮಾಸ್ಟರನ್ನು ‘ಅವನು’ ಅಂದರೆ ಬೆನ್ನಿಗೆ ಬಿತ್ತು ಅಂತಲೇ ಲೆಕ್ಕ, ‘ಅವರು’ ಅನ್ನಬೇಕು. ಸರ್ವನಾಮ ಆರಿಸುವಾಗಲೆಲ್ಲ ‘ಯಾರ ಮುಂದೆ ಮಾತಾಡುತ್ತಿದ್ದೇನೆ’ ಅಂತ ನೋಡಿಕೊಳ್ಳುವ ಅಭ್ಯಾಸ ನಮ್ಮ ರಕ್ತದಲ್ಲಿದೆ. ಆ ಅಭ್ಯಾಸದಲ್ಲೇ ಇಂಗ್ಲಿಷಿಗೆ ಹೋದವರಿಗೆ ‘ಐ’ ಮತ್ತು ‘ಮೀ’ ಎರಡು ಕಂಡ ತಕ್ಷಣ, ಇದರಲ್ಲಿ ನೀವು ಯಾವುದು, ನೀನು ಯಾವುದು ಅನ್ನುವ ಅನುಮಾನ ಹುಟ್ಟುತ್ತದೆ. ಒಂದು ದೊಡ್ಡಕ್ಷರದಲ್ಲಿ ನಿಂತಿದೆ, ಇನ್ನೊಂದು ಚಿಕ್ಕಕ್ಷರದಲ್ಲಿ. ಹಾಗಾದರೆ ದೊಡ್ಡದೇ ಗೌರವದ್ದು! ಇಲ್ಲ ಸ್ವಾಮಿ. ‘ಮೀ’ ಎಂದರೆ ‘ನನ್ನನ್ನು, ನನಗೆ’. ಅದರಲ್ಲಿ ವಿಭಕ್ತಿ ಇದೆಯೇ ಹೊರತು ಅಂತಸ್ತು ಇಲ್ಲ. ಮುಖ್ಯಮಂತ್ರಿಗಳ ಮುಂದೆ ನಿಂತು ‘ನನಗೆ ರಜೆ ಕೊಡಿ’ ಅನ್ನುವ ಬದಲು ‘ನಾನು ರಜೆ ಕೊಡಿ’ ಅಂದರೆ ಮರ್ಯಾದೆ ಹೆಚ್ಚುತ್ತದೆಯೇ?

ಇನ್ನೂ ನಂಬಿಕೆ ಬಾರದಿದ್ದರೆ ಇದನ್ನು ನೋಡಿ. ನೀವು ದಿನಕ್ಕೆ ನೂರು ಸಲ ಗೌರವದಿಂದ ಬಳಸುವ ‘ಯೂ’ ಇದೆಯಲ್ಲ, ಅದು ಹುಟ್ಟಾ ಆಬ್ಜೆಕ್ಟ್ ರೂಪ. ಹಿಂದೆ ಕರ್ತೃವಿಗೆ ‘ಯೀ’ ಅನ್ನುತ್ತಿದ್ದರು, ಕರ್ಮಕ್ಕೆ ‘ಯೂ’. 1611ರ ಕಿಂಗ್ ಜೇಮ್ಸ್ ಬೈಬಲಿನ ಆ ಪ್ರಸಿದ್ಧ ಸಾಲು ಮಿಷನ್ ಶಾಲೆಗಳಲ್ಲಿ ಓದಿದವರಿಗೆ ಗೊತ್ತಿರುತ್ತದೆ: ‘ಯೀ ಶಲ್ ನೋ ದ ಟ್ರೂತ್, ಅಂಡ್ ದ ಟ್ರೂತ್ ಶಲ್ ಮೇಕ್ ಯೂ ಫ್ರೀ’. ಅರಿಯುವವರು ‘ಯೀ’, ಬಿಡುಗಡೆ ಪಡೆಯುವವರು ‘ಯೂ’. ಒಂದೇ ವಾಕ್ಯದಲ್ಲಿ ಎರಡೂ ರೂಪ, ಎರಡೂ ಕೆಲಸ. ಆಮೇಲೆ ‘ಯೀ’ ಸವೆದು ಹೋಗಿ ‘ಯೂ’ ಎರಡೂ ಜಾಗ ಹಿಡಿಯಿತು. ಆಬ್ಜೆಕ್ಟ್ ರೂಪ ಒರಟಾಗಿದ್ದರೆ ಇಡೀ ಇಂಗ್ಲಿಷ್ ಜಗತ್ತು ನಾನ್ನೂರು ವರ್ಷದಿಂದ ಎದುರಿಗಿರುವವರಿಗೆ ಒರಟಾಗಿಯೇ ಮಾತಾಡಿಕೊಂಡು ಬಂದಿದೆ. ಆ ಕಾಲದ ಇಂಗ್ಲಿಷಿನಲ್ಲಿ ನಮ್ಮ ನೀನು-ನೀವು ಥರದ ಗೌರವವೂ ಇತ್ತು. ಅದು ‘ದೌ’ ಮತ್ತು ‘ಯೀ’ ನಡುವೆ, ಅಂದರೆ ಏಕವಚನ ಬಹುವಚನದ ನಡುವೆ, ಥೇಟ್ ನಮ್ಮ ಹಾಗೆ. ಸಬ್ಜೆಕ್ಟ್ ಆಬ್ಜೆಕ್ಟ್ ನಡುವೆ ಆ ಗೌರವ ಎಂದೂ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ಒಬ್ಬರಾದರೂ ಶೇಕ್ಸ್‌ಪಿಯರನನ್ನು ಎಳೆದು ತಂದೇ ತರುತ್ತಾರೆ. ಹೌದು, ‘ಮರ್ಚಂಟ್ ಆಫ್ ವೆನಿಸ್’ ನಾಟಕದಲ್ಲಿ ಆಂಟೋನಿಯೋ ಗೆಳೆಯ ಬಸಾನಿಯೋಗೆ ಬರೆದ ಕಾಗದದಲ್ಲಿ ‘ಬಿಟ್ವೀನ್ ಯೂ ಅಂಡ್ ಐ’ ಅಂತಲೇ ಇದೆ. 1992ರ ಅಮೆರಿಕ ಅಧ್ಯಕ್ಷ ಚುನಾವಣೆಯ ಪ್ರಚಾರದಲ್ಲಿ ಬಿಲ್ ಕ್ಲಿಂಟನ್ ತನಗೂ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಆಲ್ ಗೋರ್‌ಗೂ ಸೇರಿಸಿ ‘ಗಿವ್ ಆಲ್ ಗೋರ್ ಅಂಡ್ ಐ ಎ ಚಾನ್ಸ್’ ಅಂತ ಕೇಳಿ ಟೀಕೆಗೆ ಗುರಿಯಾದದ್ದೂ ನಿಜ, ಗೆದ್ದದ್ದೂ ನಿಜ. ಭಾಷಾವಿಜ್ಞಾನಿ ಸ್ಟೀವನ್ ಪಿಂಕರ್ ಕ್ಲಿಂಟನ್ ಪರ ವಾದಿಸಿದ್ದೂ ಉಂಟು: ಜೋಡಿ ಒಟ್ಟಾಗಿ ಕರ್ಮವಾದ ಮಾತ್ರಕ್ಕೆ ಒಳಗಿನ ಒಂದೊಂದು ಪದವೂ ಕರ್ಮದ ರೂಪ ತೊಡಬೇಕಿಲ್ಲ ಅಂತ. ವಾದ ಸೊಗಸಾಗಿದೆ. ಆದರೆ ನಿಮ್ಮ ಉತ್ತರಪತ್ರಿಕೆ ತಿದ್ದುವವರಿಗೆ ಅದನ್ನು ವಿವರಿಸಲು ನಿಮಗೆ ಅವಕಾಶ ಸಿಗುವುದಿಲ್ಲ. ಮೇಲಾಗಿ ಕ್ಲಿಂಟನ್ ಕೂಡ ‘ಗಿವ್ ಐ ಎ ಚಾನ್ಸ್’ ಅನ್ನಲಿಲ್ಲ. ಜೋಡಿ ಇದ್ದಾಗ ಮಾತ್ರ ಜಾರಿದ್ದು, ನಮ್ಮ ಟೀಮ್ ಲೀಡ್ ಹಾಗೆಯೇ.

ಹಾಗಾದರೆ ಗುರುತಿಸುವುದು ಹೇಗೆ? ಹಳೆಯ ಉಪಾಯವೇ ಸಾಕು. ಇನ್ನೊಬ್ಬರ ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿ. ‘ಸೆಂಡ್ ಇಟ್ ಟು ಪ್ರಿಯಾ ಅಂಡ್ ಐ’ ಇದ್ದದ್ದು ‘ಸೆಂಡ್ ಇಟ್ ಟು ಐ’ ಆಯಿತು. ಕಿವಿ ತಾನೇ ಚೀರುತ್ತದೆ. ‘ಬಿಟ್ವೀನ್’ ಬಂದಾಗ ಮಾತ್ರ ಇದು ಕೈಕೊಡುತ್ತದೆ, ಏಕೆಂದರೆ ಒಬ್ಬನೇ ಇದ್ದಾಗ ‘ನಡುವೆ’ ಎಲ್ಲಿಂದ ಬರಬೇಕು? ಆಗ ಇಬ್ಬರನ್ನೂ ಸೇರಿಸಿ ಒಂದು ಮಾಡಿ. ‘ಬಿಟ್ವೀನ್ ಅಸ್’ ಅನ್ನುತ್ತೀರೋ ‘ಬಿಟ್ವೀನ್ ವೀ’ ಅನ್ನುತ್ತೀರೋ? ‘ಅಸ್’ ಬಂದಲ್ಲಿ ‘ಮೀ’, ‘ವೀ’ ಬಂದಲ್ಲಿ ‘ಐ’.

ಕನ್ನಡಕ್ಕೆ ತಿರುಗಿಸಿ ನೋಡುವ ಉಪಾಯವನ್ನೂ ಕೆಲವರು ಹೇಳಿಕೊಡುತ್ತಾರೆ. ಅದರಲ್ಲಿ ಗುಣವೂ ಇದೆ, ಒಂದು ಗುಂಡಿಯೂ ಇದೆ. ಗುಣ ಏನೆಂದರೆ ನಾವು ‘ಊ’ ಹಚ್ಚಿ ಇಬ್ಬರಿಗೂ ವಿಭಕ್ತಿ ಹಂಚುತ್ತೇವೆ: ರವಿಗೂ ನನಗೂ ಕೊಟ್ಟರು, ರವಿಯನ್ನೂ ನನ್ನನ್ನೂ ಕರೆದರು. ಜೋಡಿಯಲ್ಲೂ ಯಾರ ಕೆಲಸ ಏನು ಅನ್ನುವುದು ಮರೆಯಾಗುವುದಿಲ್ಲ. ಗುಂಡಿ ಇರುವುದು ಚತುರ್ಥಿಯಲ್ಲಿ, ಅಂದರೆ ‘ಗೆ’ ಹಚ್ಚುವ ವಿಭಕ್ತಿಯಲ್ಲಿ. ‘ರವಿಗೂ ನನಗೂ ಹಸಿವಾಗಿದೆ’, ‘ರವಿಗೂ ನನಗೂ ಗೊತ್ತು’, ‘ರವಿಗೂ ನನಗೂ ಕಾಫಿ ಬೇಕು’. ಇಲ್ಲೆಲ್ಲ ಕನ್ನಡದಲ್ಲಿ ನನಗೆ, ಇಂಗ್ಲಿಷಿನಲ್ಲಿ ‘ಐ’: ರವಿ ಅಂಡ್ ಐ ಆರ್ ಹಂಗ್ರಿ, ರವಿ ಅಂಡ್ ಐ ನೋ. ಹಸಿವು, ಜ್ವರ, ಸಿಟ್ಟು, ತಿಳಿವು, ಇಷ್ಟ ಇವೆಲ್ಲ ಕನ್ನಡದಲ್ಲಿ ನಮ್ಮ ಬಳಿಗೆ ತಾವೇ ಬರುತ್ತವೆ. ಇಂಗ್ಲಿಷಿನವನು ಅವನ್ನೂ ತಾನೇ ಮಾಡಿದವನ ಹಾಗೆ ಕರ್ತೃವಾಗಿ ನಿಲ್ಲುತ್ತಾನೆ. ಆದ್ದರಿಂದ ಮೈಮೇಲೆ, ಮನಸ್ಸಿನ ಮೇಲೆ ಬರುವ ಸಂಗತಿಗಳಿಗೆ ಕನ್ನಡದ ಅಳತೆಗೋಲು ಹಿಡಿಯಬೇಡಿ, ಕೊಡುವುದು, ಕರೆಯುವುದು, ಕಳಿಸುವುದಕ್ಕೆ ಹಿಡಿಯಿರಿ.

‘ಇಟ್ ಈಸ್ ಐ’ ಬಗ್ಗೆ ಒಂದೇ ಮಾತು. ಬಾಗಿಲು ತಟ್ಟಿದಾಗ ಒಳಗಿನಿಂದ ಯಾರು ಅಂದರೆ ‘ಇಟ್ಸ್ ಮೀ’ ಅನ್ನಿ. ಇಂಗ್ಲಿಷ್ ಮಾತೃಭಾಷೆಯವರು ಅನ್ನುವುದೂ ಅದನ್ನೇ. ಹಳೆಯ ವ್ಯಾಕರಣ ಹಿಡಿದು ತಿದ್ದುವ ಪರೀಕ್ಷೆಯಲ್ಲಿ ಮಾತ್ರ ‘ಇಟ್ ಈಸ್ ಐ’ ಬರೆದು ಅಂಕ ತೆಗೆದುಕೊಳ್ಳಿ, ಜಗಳ ಬೇಡ. ‘ಟಾಲರ್ ದ್ಯಾನ್ ಮೀ’ ಮತ್ತು ‘ಟಾಲರ್ ದ್ಯಾನ್ ಐ’ ಕೂಡ ಇದೇ ಜಾತಿಯ ಗಲಾಟೆ, ಅದೇ ಪರಿಹಾರ.

ಈಗ ಯಾರೂ ಕೇಳದ ಒಂದು ವಿಷಯ, ನನಗೆ ಹೇಳದೆ ಇರಲಾಗದ್ದು. ‘ಐ’ ಅಂದರೆ ತಪ್ಪಾದೀತು, ‘ಮೀ’ ಅಂದರೆ ಒರಟಾದೀತು ಅಂತ ಹೆದರಿದವರು ಮೂರನೆಯ ದಾರಿ ಹುಡುಕಿಕೊಂಡಿದ್ದಾರೆ: ‘ಮೈಸೆಲ್ಫ್’. ‘ಪ್ಲೀಸ್ ಕಾಂಟ್ಯಾಕ್ಟ್ ಸುರೇಶ್ ಆರ್ ಮೈಸೆಲ್ಫ್’. ಬೆಂಗಳೂರಿನ ಆಫೀಸುಗಳಲ್ಲಿ ದಿನಾ ಬೆಳಿಗ್ಗೆ ಇಂಥ ಮೇಲ್ ಎಷ್ಟು ಹೋಗುತ್ತವೋ. ಬೆರಳಿಟ್ಟು ಸುರೇಶನನ್ನು ಮುಚ್ಚಿ ನೋಡಿ, ‘ಕಾಂಟ್ಯಾಕ್ಟ್ ಮೈಸೆಲ್ಫ್’. ನನ್ನನ್ನು ನಾನೇ ಸಂಪರ್ಕಿಸಬಹುದು, ನೀವು ನನ್ನನ್ನು ಸಂಪರ್ಕಿಸುವಾಗ ‘ಮೀ’ ಸಾಕು.

‘ಮೈಸೆಲ್ಫ್ ಮಂಜುನಾಥ್, ಫ್ರಮ್ ಹಾಸನ್’ ಅನ್ನುವುದು ಇದರ ಅಣ್ಣ. ಇಂಟರ್‌ವ್ಯೂಗಳಲ್ಲಿ ಇದನ್ನು ಕೇಳಿ ನಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಆ ಹುಡುಗ ಪೆದ್ದನಲ್ಲ. ಅವನ ಭಾಷೆಯಲ್ಲಿ ‘ನಾನು ಮಂಜುನಾಥ’ ಅನ್ನುವುದು ಪೂರ್ತಿ ವಾಕ್ಯ, ಅದಕ್ಕೆ ಕ್ರಿಯಾಪದವೇ ಬೇಡ. ‘ಐ ಮಂಜುನಾಥ್’ ಅಂದರೆ ಏನೋ ಬಿಟ್ಟುಹೋದ ಹಾಗೆ ಅವನ ಕಿವಿಗೇ ಕೇಳಿಸಿದೆ. ಆ ಕೊರತೆ ತುಂಬಲು ‘ಆ್ಯಮ್’ ಹಾಕುವ ಬದಲು ಪದವನ್ನೇ ಉದ್ದ ಮಾಡಿದ್ದಾನೆ. ‘ಐ ಆ್ಯಮ್ ಮಂಜುನಾಥ್’, ಅಷ್ಟು ತಿದ್ದಿಕೊಟ್ಟರೆ ಮುಗಿಯಿತು.

ತಮಾಷೆ ಏನೆಂದರೆ, ಬೇಡದ ಕಡೆಯೆಲ್ಲ ‘ಮೈಸೆಲ್ಫ್’ ತುರುಕುವ ನಾವು ಬೇಕಾದ ಕಡೆಯೇ ಅದನ್ನು ಬಿಡುತ್ತೇವೆ. ದಸರಾ ನೋಡಿಕೊಂಡು ಮೈಸೂರಿನಿಂದ ಬಂದವರು ‘ವೀ ಎಂಜಾಯ್ಡ್ ಎ ಲಾಟ್’ ಅನ್ನುತ್ತಾರೆ. ‘ಎಂಜಾಯ್’ ಮುಂದೆ ಇಂಗ್ಲಿಷಿನವನು ಒಂದು ಕರ್ಮ ಕೇಳುತ್ತಾನೆ. ಏನನ್ನು ಎಂಜಾಯ್ ಮಾಡಿದಿರಿ, ಮೆರವಣಿಗೆಯನ್ನೋ, ದೀಪಾಲಂಕಾರವನ್ನೋ? ಇಂಥದ್ದು ಅಂತ ಹೇಳುವುದಿಲ್ಲವಾದರೆ ‘ವೀ ಎಂಜಾಯ್ಡ್ ಅವರ್‌ಸೆಲ್ವ್ಸ್’ ಅನ್ನಬೇಕು. ‘ಮೈಸೆಲ್ಫ್’ ಮತ್ತು ಅದರ ಬಳಗಕ್ಕೆ ಇಂಗ್ಲಿಷಿನಲ್ಲಿ ಇರುವುದು ಎರಡೇ ಮುಖ್ಯ ಕೆಲಸ. ಮಾಡಿದವನೂ ಮಾಡಿಸಿಕೊಂಡವನೂ ಒಬ್ಬನೇ ಆದಾಗ ಒಂದು: ‘ಐ ಸ್ಕೋಲ್ಡೆಡ್ ಮೈಸೆಲ್ಫ್’, ನನ್ನನ್ನು ನಾನೇ ಬೈದುಕೊಂಡೆ. ನಮ್ಮ ‘ನಾನೇ’ ಥರ ಒತ್ತಿ ಹೇಳುವಾಗ ಇನ್ನೊಂದು: ‘ಐ ಕುಕ್ಡ್ ಇಟ್ ಮೈಸೆಲ್ಫ್’, ನಾನೇ ಅಡುಗೆ ಮಾಡಿದೆ. ‘ಕೊಂಡೆ’ ಇದ್ದಲ್ಲೆಲ್ಲ ‘ಮೈಸೆಲ್ಫ್’ ಅಂಟಿಸಲು ಮಾತ್ರ ಹೋಗಬೇಡಿ. ಮಲಗಿಕೊಂಡೆ ಅನ್ನುವುದಕ್ಕೆ ‘ಐ ಸ್ಲೆಪ್ಟ್ ಮೈಸೆಲ್ಫ್’ ಅಂತ ಬರೆದ ಉತ್ತರಪತ್ರಿಕೆಗಳನ್ನೂ ತಿದ್ದಿದ್ದೇನೆ.