ಟಿಪ್ಪರ್ ಹಂಚಬಹುದು, ಅನುಭವ ಪತ್ರ ಹಂಚಲಾಗದು

ಗುತ್ತಿಗೆದಾರರ ಮನೆಯಲ್ಲಿ ಪಾಲಿನ ಮಾತು ಎದ್ದ ಕೂಡಲೇ ಎಲ್ಲರ ಕಣ್ಣು ಯಾರ್ಡಿನ ಕಡೆಗೆ ಹೊರಳುತ್ತದೆ. ಟಿಪ್ಪರ್ ಎಷ್ಟು, ಜೆಸಿಬಿ ಯಾರಿಗೆ, ಕಾಂಕ್ರೀಟ್ ಕಲಸುವ ಬ್ಯಾಚಿಂಗ್ ಪ್ಲಾಂಟ್ ಯಾರ ಪಾಲಿಗೆ, ಊರಾಚೆಯ ಎರಡು ಎಕರೆ ಯಾರ ಹೆಸರಿಗೆ? ಲೆಕ್ಕಪರಿಶೋಧಕನಾಗಿ ಇಂಥ ಪಂಚಾಯಿತಿಗಳಲ್ಲಿ ಕುಳಿತಾಗ ನಾನು ಮೊದಲು ಕೇಳುವುದು ಒಂದು ಫೈಲನ್ನು. ಇಲಾಖೆಗಳು ಕೊಟ್ಟಿರುವ ಕೆಲಸ ಪೂರೈಸಿದ ಪ್ರಮಾಣಪತ್ರಗಳು, ಅಂದರೆ ಅನುಭವ ಪತ್ರಗಳು, ಎಲ್ಲಿವೆ, ಅವು ಯಾರ ಹೆಸರಿನಲ್ಲಿವೆ? ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆ ಫೈಲಿನ ಬೆಲೆ ಗೊತ್ತಿರುವುದು ಅಪ್ಪನಿಗೆ ಮತ್ತು ಕಚೇರಿಯ ಹಳೆಯ ಗುಮಾಸ್ತನಿಗೆ ಮಾತ್ರ.

ಕರ್ನಾಟಕದಲ್ಲಿ ಸರ್ಕಾರಿ ಕಾಮಗಾರಿಗಳ ಟೆಂಡರ್ ನಡೆಯುವುದು 1999ರ ಪಾರದರ್ಶಕತೆ ಕಾಯ್ದೆಯ ಚೌಕಟ್ಟಿನಲ್ಲಿ. ದೊಡ್ಡ ಕೆಲಸಗಳಿಗೆ ಅರ್ಹತೆ ಅಳೆಯುವಾಗ ಇಲಾಖೆ ನೋಡುವುದು ಹಿಂದಿನ ಐದು ವರ್ಷಗಳ ವಹಿವಾಟು, ಅದೇ ಬಗೆಯ ಕೆಲಸ ಮುಗಿಸಿದ ದಾಖಲೆ ಮತ್ತು ಟೆಂಡರ್ ಸಾಮರ್ಥ್ಯ, ಅಂದರೆ ಇನ್ನೂ ಎಷ್ಟು ಮೊತ್ತದ ಕೆಲಸ ಹೊರಬಲ್ಲರು ಎಂಬ ಲೆಕ್ಕ. ಈ ಕೊನೆಯದಕ್ಕೆ ಒಂದು ಸೂತ್ರವಿದೆ. ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಅತಿ ಹೆಚ್ಚಿನ ಕೆಲಸದ ಮೊತ್ತವನ್ನು ಹೊಸ ಕೆಲಸದ ಅವಧಿಯ ವರ್ಷಗಳಿಂದ ಗುಣಿಸಿ, ಮತ್ತೆ 1.5ರಿಂದ ಗುಣಿಸಿ, ಅದರಲ್ಲಿ ಕೈಯಲ್ಲಿರುವ ಕೆಲಸಗಳ ಬಾಕಿ ಮೊತ್ತವನ್ನು ಕಳೆಯಬೇಕು. ಕೆಲವು ಟೆಂಡರ್‌ಗಳಲ್ಲಿ 1.5ರ ಜಾಗದಲ್ಲಿ 2 ಅಥವಾ 2.5 ಇರುತ್ತದೆ.

ಒಂದು ಸಂಸ್ಥೆ ಒಂದೇ ವರ್ಷದಲ್ಲಿ 12 ಕೋಟಿ ರೂಪಾಯಿಯ ಕೆಲಸ ಮಾಡಿದೆ ಎನ್ನಿ. ಹೊಸ ಕೆಲಸದ ಅವಧಿ ಒಂದೂವರೆ ವರ್ಷ. ಕೈಯಲ್ಲಿ 9 ಕೋಟಿಯ ಕೆಲಸ ಬಾಕಿ ಇದೆ. ಗುಣಿಸಿದರೆ 27 ಕೋಟಿ, ಕಳೆದರೆ 18 ಕೋಟಿ. ಅಷ್ಟು ಮೊತ್ತದ ಟೆಂಡರಿಗೆ ಈ ಸಂಸ್ಥೆ ಕೈ ಹಾಕಬಹುದು. ಈಗ ಅಣ್ಣತಮ್ಮಂದಿರು ಯಂತ್ರಗಳನ್ನು ಸರಿಸಮ ಹಂಚಿಕೊಂಡು ತಮ್ಮ ತಮ್ಮ ಹೆಸರಿನಲ್ಲಿ ಹೊಸ ಸಂಸ್ಥೆ ತೆರೆದರೆ ಇಬ್ಬರಿಗೂ ಒಂಬತ್ತೊಂಬತ್ತು ಕೋಟಿಯ ಸಾಮರ್ಥ್ಯ ಬರುತ್ತದೆಯೇ? ಇಲ್ಲ. ಸೂತ್ರದ ಮೊದಲ ಅಂಕಿಯೇ ಹೊಸ ಹೆಸರಿನಲ್ಲಿ ಸೊನ್ನೆ. ಅನುಭವ ಪತ್ರ ಯಾವ ಹೆಸರಿನಲ್ಲಿದೆಯೋ ಆ ಸಂಸ್ಥೆಯ ಸೊತ್ತು. ಅದು ರಕ್ತಸಂಬಂಧ ನೋಡಿ ಮಕ್ಕಳಿಗೆ ತಾನಾಗಿ ಇಳಿದು ಬರುವುದಿಲ್ಲ. ಮುಂದೆ ನಿಂತು ಕಾಮಗಾರಿ ನಡೆಸಿದ ಮಗನೇ ಆದರೂ ಕೆಳಗಿನ ಮೆಟ್ಟಿಲಿನಿಂದ ಹತ್ತಬೇಕಾಗುತ್ತದೆ, ಇಲ್ಲವೇ ಬೇರೆಯವರ ಹೆಸರಿನ ಕೆಳಗೆ ಉಪಗುತ್ತಿಗೆ ಹಿಡಿಯಬೇಕಾಗುತ್ತದೆ. ಆದ್ದರಿಂದ ಮನೆ ಪಾಲಾದರೂ ಸಂಸ್ಥೆ ಪಾಲಾಗಬಾರದು ಎಂಬುದು ನನ್ನ ಹಟ. ಜಮೀನು, ನಿವೇಶನ, ಚಿನ್ನ ಹಂಚಿಕೊಳ್ಳಿ. ಸಂಸ್ಥೆಯಲ್ಲಿ ಷೇರು ಹಂಚಿಕೊಳ್ಳಿ, ಸಂಸ್ಥೆಯನ್ನಲ್ಲ.

ಇದು ಸಾಧ್ಯವಾಗಬೇಕಾದರೆ ಸಂಸ್ಥೆಗೆ ಅಪ್ಪನಿಂದ ಬೇರೆಯಾದ ಒಂದು ಅಸ್ತಿತ್ವ ಬೇಕು. ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಗುತ್ತಿಗೆದಾರರು ಇವತ್ತಿಗೂ ಸ್ವಂತ ಹೆಸರಿನಲ್ಲೇ ವ್ಯವಹಾರ ನಡೆಸುತ್ತಾರೆ. ಅವರು ತೀರಿಕೊಂಡ ದಿನ ಆ ಪ್ಯಾನ್ ಸಂಖ್ಯೆಯ ವ್ಯಾಪಾರ ಮುಗಿಯಿತು. ಜಿಎಸ್‌ಟಿ ನೋಂದಣಿ ರದ್ದಾಗಬೇಕು, ವಾರಸುದಾರರು ಹೊಸದಾಗಿ ನೋಂದಾಯಿಸಿಕೊಳ್ಳಬೇಕು, ಖರೀದಿಯ ಮೇಲೆ ಕಟ್ಟಿ ಬಳಸದೆ ಉಳಿದ ಹೂಡುವಳಿ ತೆರಿಗೆಯ ಜಮೆಯನ್ನು ಐಟಿಸಿ-02 ನಮೂನೆಯಲ್ಲಿ ವರ್ಗಾಯಿಸಿಕೊಳ್ಳಬೇಕು. ಇ-ಟೆಂಡರ್‌ಗೆ ಬಳಸುತ್ತಿದ್ದ ಡಿಜಿಟಲ್ ಸಹಿಯ ಟೋಕನ್ ಗುಮಾಸ್ತನ ಮೇಜಿನ ಖಾನೆಯಲ್ಲಿ ಇದ್ದೇ ಇರುತ್ತದೆ, ಅದರ ಪಾಸ್‌ವರ್ಡ್ ಕೂಡ ಅವನಿಗೆ ಗೊತ್ತು. ಆದರೆ ಸತ್ತವರ ಸಹಿಯಲ್ಲಿ ಟೆಂಡರ್ ಹಾಕುವುದು ಅಪರಾಧ. ಇಲಾಖೆಯಲ್ಲಿ ನಿಂತಿರುವ ಭದ್ರತಾ ಠೇವಣಿ ಬಿಡಿಸಿಕೊಳ್ಳಲು ಹೋದರೆ ಉತ್ತರಾಧಿಕಾರ ಪ್ರಮಾಣಪತ್ರ ಕೇಳುತ್ತಾರೆ. ಅದಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಅಷ್ಟರಲ್ಲಿ ಸಿಮೆಂಟ್ ಅಂಗಡಿಯವರು ಮನೆ ಬಾಗಿಲಿಗೆ ಬಂದಿರುತ್ತಾರೆ.

ಪಾಲುದಾರಿಕೆ ಸಂಸ್ಥೆಯಾದರೆ ಚಿಂತೆಯಿಲ್ಲ ಎಂದುಕೊಳ್ಳುವವರೂ ಇದ್ದಾರೆ. 1932ರ ಪಾಲುದಾರಿಕೆ ಕಾಯ್ದೆಯ 42ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಒಬ್ಬ ಪಾಲುದಾರ ತೀರಿಕೊಂಡರೂ ಸಂಸ್ಥೆ ವಿಸರ್ಜನೆಯಾಗುತ್ತದೆ. ಪತ್ರದಲ್ಲಿ ‘ಸಂಸ್ಥೆ ಮುಂದುವರಿಯತಕ್ಕದ್ದು’ ಎಂದು ಬರೆಸಿದ್ದರೂ, ಇರುವವರು ಅಪ್ಪ ಮಗ ಇಬ್ಬರೇ ಆಗಿದ್ದರೆ ಆ ಸಾಲು ಕೆಲಸಕ್ಕೆ ಬರುವುದಿಲ್ಲ. ಒಬ್ಬನೇ ಉಳಿದರೆ ಪಾಲುದಾರಿಕೆ ಎಲ್ಲಿಂದ ಬರಬೇಕು? ಕನಿಷ್ಠ ಮೂವರಿರಲಿ. ವಹಿವಾಟು ಬೆಳೆದಿದ್ದರೆ ಖಾಸಗಿ ನಿಯಮಿತ ಕಂಪನಿಯೇ ಲೇಸು. 2013ರ ಕಂಪನಿ ಕಾಯ್ದೆಯ 366ನೇ ಕಲಮಿನ ಅಡಿ ಪಾಲುದಾರಿಕೆ ಸಂಸ್ಥೆಯೇ ಕಂಪನಿಯಾಗಿ ನೋಂದಾಯಿಸಿಕೊಳ್ಳಬಹುದು. ಅನುಭವ ಪತ್ರಗಳನ್ನು ಹೊಸ ಹೆಸರಿಗೆ ಒಪ್ಪಿಸುವ ಕಾಗದದ ಕೆಲಸ ಮಾತ್ರ ತಾಳ್ಮೆ ಬೇಡುತ್ತದೆ. ಟೆಂಡರ್ ಬರುವ ಮೊದಲೇ, ಅಪ್ಪ ಗಟ್ಟಿಯಾಗಿರುವಾಗಲೇ ಅದನ್ನು ಮಾಡಿಕೊಳ್ಳಬೇಕು.

ಕಾನೂನಿಗೆ ಸಿಗದ ಇನ್ನೊಂದು ಆಸ್ತಿ ಇದೆ. ಅದು ಅಪ್ಪನ ಡೈರಿ. ಒಂದು ಮನೆಯಲ್ಲಿ ಅಂಥ ಡೈರಿಯ ಒಂದು ಪುಟ ನೋಡಿದೆ. ‘ಸೆಂಟರಿಂಗ್ ಮೇಸ್ತ್ರಿ 40, ಹಬ್ಬಕ್ಕೆ 10, ಮಗಳ ಮದುವೆಗೆ 1’ ಎಂದಿತ್ತು. ನಲವತ್ತು ಸಾವಿರ, ಹತ್ತು ಸಾವಿರ, ಒಂದು ಲಕ್ಷ. ಪಕ್ಕದಲ್ಲಿ ಜಲ್ಲಿ ಕ್ರಷರಿನವರ ಹೆಸರಿನ ಮುಂದೆ ಒಂದು ಗೀಟು, ಮತ್ತೇನೂ ಇಲ್ಲ. ಗೀಟು ಅಂದರೆ ಕೊಟ್ಟಿದ್ದೋ ಕೊಡಬೇಕಾದದ್ದೋ ಎಂದು ಮಗನನ್ನು ಕೇಳಿದರೆ ಅವನಿಗೂ ತಿಳಿಯದು. ಎಂಜಿನಿಯರಿಂಗ್ ಓದಿ, ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ದುಡಿದು ಬಂದ ಹುಡುಗ ಕಂಪ್ಯೂಟರಿನಲ್ಲಿ ಲೆಕ್ಕದ ತಂತ್ರಾಂಶ ಹಾಕಿಸಿದ್ದ. ಅದರಲ್ಲಿ ಮೇಸ್ತ್ರಿಯ ಮಗಳ ಮದುವೆಗೆ ಕಾಲಂ ಇರಲಿಲ್ಲ. ಆ ಒಂದು ಲಕ್ಷವನ್ನು ಹುಡುಗ ಕೂಲಿಯಲ್ಲಿ ಮುರಿದುಕೊಳ್ಳಲು ಹೋದ, ಮೇಸ್ತ್ರಿ ತನ್ನ ತಂಡದೊಂದಿಗೆ ಬೇರೆ ಸೈಟಿಗೆ ಹೋದ. ಸ್ಲ್ಯಾಬ್ ಹಾಕಬೇಕಾದ ವಾರದಲ್ಲಿ!

ಹಾಗೆಂದು ಡೈರಿಯೇ ಚೆಂದ ಎನ್ನುತ್ತಿಲ್ಲ. ತೆರಿಗೆ ಅಧಿಕಾರಿಯ ಮುಂದೆ ಅದು ಕಾಗದದ ಚೂರು. ಆದರೆ ಅಪ್ಪ ಮಗ ಜೊತೆಯಾಗಿ ಕುಳಿತು, ಅದರ ಒಂದೊಂದು ಸಾಲನ್ನೂ ಮುಂಗಡ, ಸಾಲ, ಉಡುಗೊರೆ ಎಂದು ಬೇರ್ಪಡಿಸಿ ಪುಸ್ತಕಕ್ಕೆ ಇಳಿಸದೆ ಯಾವ ತಂತ್ರಾಂಶವೂ ನೆರವಾಗದು.

ನಾಯಕತ್ವ ಯಾರಿಗೆ ಎಂಬ ಪ್ರಶ್ನೆಗೆ ಬರೋಣ. ಜಪಾನಿನ ಒಸಾಕದಲ್ಲಿ ಕೊಂಗೊ ಗುಮಿ ಎಂಬ ದೇವಾಲಯ ಕಟ್ಟುವ ಸಂಸ್ಥೆ ಕ್ರಿ.ಶ. 578ರಿಂದ ಒಂದೇ ಮನೆತನದ ಕೈಯಲ್ಲಿತ್ತು. ಹಿರಿಯ ಮಗನಿಗೇ ಪಟ್ಟ ಎಂಬ ನಿಯಮಕ್ಕೆ ಅವರು ಅಂಟಿಕೊಳ್ಳಲಿಲ್ಲ. ಅಳಿಯಂದಿರನ್ನು ದತ್ತು ತೆಗೆದುಕೊಂಡು ಮನೆತನದ ಹೆಸರು ಕೊಟ್ಟು ಮುಂದೆ ನಿಲ್ಲಿಸಿದ್ದುಂಟು. 20ನೇ ಶತಮಾನದಲ್ಲಿ ಗಂಡ ತೀರಿಕೊಂಡ ಮೇಲೆ ಹೆಂಡತಿಯೇ ಸಂಸ್ಥೆ ನಡೆಸಿದಳು. ಅಂಥ ಮನೆತನವೂ 1980ರ ದಶಕದ ಜಮೀನು ಬೆಲೆಯ ಉಬ್ಬರದಲ್ಲಿ ಮಾಡಿದ ಸಾಲ ಹೊರಲಾಗದೆ 2006ರಲ್ಲಿ ಬೇರೊಂದು ಕಂಪನಿಯ ಅಧೀನವಾಯಿತು. ರಸ್ತೆ ಗುತ್ತಿಗೆಯಲ್ಲಿ ಗಳಿಸಿದ್ದನ್ನು ಬಡಾವಣೆಗೆ ಸುರಿಯಲು ಹೊರಟ ಎರಡನೇ ತಲೆಮಾರು ಕಂಡಾಗಲೆಲ್ಲ ನನಗೆ ಈ ಕಥೆ ನೆನಪಾಗುತ್ತದೆ.

ನಮ್ಮಲ್ಲಿ ಹೆಣ್ಣುಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಮನೆಗಳು ಇನ್ನೂ ಇವೆ. ಕಾನೂನು ತೆಗೆದುಕೊಳ್ಳುತ್ತದೆ. ಹಿಂದೂ ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಯಾರ್ಜಿತದಲ್ಲಿ ಹೆಂಡತಿ, ಮಗ, ಮಗಳು, ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು. ಮದುವೆಯಾಗಿ ಹುಬ್ಬಳ್ಳಿಯಲ್ಲಿರುವ ಮಗಳು ನಾಳೆ ಪಾಲು ಕೇಳಿದರೆ ಅದು ದ್ರೋಹವಲ್ಲ. ಅವಳಿಗೆ ಷೇರೋ ನಗದೋ ಎಂಬುದನ್ನು ಈಗಲೇ ಬರೆದಿಡಿ. ಬೆಂಗಳೂರಿನ ಬ್ರಿಗೇಡ್ ಸಮೂಹದಲ್ಲಿ ಸ್ಥಾಪಕರ ಮಗಳೇ ವ್ಯವಸ್ಥಾಪಕ ನಿರ್ದೇಶಕಿಯಾಗಿದ್ದಾರೆ ಎಂದು ನಾನು ಹೇಳಿದಾಗ ‘ಅವರು ಬಿಡಿ, ದೊಡ್ಡವರು’ ಎನ್ನುತ್ತಾರೆ. ನಿಮ್ಮ ಮಗಳಿಗೂ ಬಿಲ್ ಓದಲು ಬರುತ್ತದಲ್ಲ?

ಇನ್ನು ಹಸ್ತಾಂತರ. ಮಗನಿಗೆ ಕುರ್ಚಿ ಕೊಟ್ಟು ಚೆಕ್ ಪುಸ್ತಕ ತಮ್ಮ ಬಳಿ ಇಟ್ಟುಕೊಳ್ಳುವ ಅಪ್ಪಂದಿರೇ ಹೆಚ್ಚು. ನನ್ನ ಸಲಹೆ ಇದಕ್ಕೆ ತಿರುಗುಮುರುಗು. ಒಂದೇ ಒಂದು ಕಾಮಗಾರಿಯನ್ನು ಮೊದಲಿನಿಂದ ಕೊನೆಯವರೆಗೆ ಮಗ ಅಥವಾ ಮಗಳಿಗೆ ಬಿಡಿ. ದರ ಹಾಕುವುದು, ಅಳತೆ ಪುಸ್ತಕದಲ್ಲಿ ಎಂಜಿನಿಯರ್ ಬರೆದದ್ದನ್ನು ತಾಳೆ ನೋಡುವುದು, ಕೆಲಸ ನಡೆಯುತ್ತಿರುವಾಗಲೇ ಹಂತ ಹಂತವಾಗಿ ಸಲ್ಲಿಸುವ ರನ್ನಿಂಗ್ ಬಿಲ್ ಬೆನ್ನು ಹತ್ತುವುದು, ದೋಷ ಹೊಣೆಗಾರಿಕೆಯ ಅವಧಿ ಮುಗಿಯುವವರೆಗೆ ಆ ರಸ್ತೆಯ ಗುಂಡಿ ಮುಚ್ಚುವುದು, ಎಲ್ಲವೂ ಅವರದೇ. ನಷ್ಟವಾದರೆ ಆ ನಷ್ಟ ಅವರ ಲೆಕ್ಕದಲ್ಲೇ ಕಾಣಲಿ.

ಅಪ್ಪ ಬಿಟ್ಟುಕೊಡದಿರುವುದಕ್ಕೆ ಅಹಂಕಾರವೇ ಕಾರಣ ಎಂದು ಮಕ್ಕಳು ದೂರುತ್ತಾರೆ. ನಾನು ಕಂಡ ಮಟ್ಟಿಗೆ ಕಾರಣ ಬಹುಪಾಲು ಹಣ. ಮನೆಯ ಕಿರಾಣಿ, ಔಷಧ, ಊರಿನ ಜಾತ್ರೆಯ ಚಂದಾ ಎಲ್ಲವೂ ಸಂಸ್ಥೆಯ ಖಾತೆಯಿಂದಲೇ ಹೋಗುವ ಮನೆಯಲ್ಲಿ ಸಹಿಯ ಅಧಿಕಾರ ಬಿಡುವುದೆಂದರೆ ಮಗನ ಮುಂದೆ ಕೈ ಒಡ್ಡುವುದು. ಯಾರ್ಡಿನ ಜಾಗ ಅಪ್ಪನ ಹೆಸರಿನಲ್ಲಿದ್ದರೆ ಸಂಸ್ಥೆ ಅವರಿಗೆ ತಿಂಗಳ ಬಾಡಿಗೆ ಕೊಡಲಿ, ಕರಾರು ಬರೆಸಿ, ತೆರಿಗೆ ಮುರಿದು, ಬ್ಯಾಂಕಿನ ಮೂಲಕ. ಬ್ಯಾಂಕ್ ಗ್ಯಾರಂಟಿಗೆ ಅಡವಿಟ್ಟಿರುವ ಅವರ ಮನೆಯ ಪತ್ರವನ್ನು ಬಿಡಿಸಿ, ಆ ಜಾಗದಲ್ಲಿ ಸಂಸ್ಥೆಯ ಠೇವಣಿಯನ್ನು ಹಂತ ಹಂತವಾಗಿ ಇಡಲಿ. ಇಷ್ಟು ಮಾಡಿದ ಮೇಲೂ ಚೆಕ್ ಪುಸ್ತಕ ಬಿಡದ ಹಿರಿಯರನ್ನು ನಾನು ಕಂಡಿರುವುದು ಕಡಿಮೆ.