‘ಇಗ್ನೊರೇಮಸ್’: ತೀರ್ಪಿನಿಂದ ಬೈಗುಳದವರೆಗೆ

ಇಂಗ್ಲಿಷ್–ಕನ್ನಡ ನಿಘಂಟಿನ ಕರಡು ತಿದ್ದುವಾಗ ‘ಇಗ್ನೊರೇಮಸ್’ ಎಂಬ ಪದದ ಮುಂದೆ ‘ಅಜ್ಞಾನಿ, ಮೂಢ’ ಎಂದಷ್ಟೇ ಇದ್ದರೆ ನಾನು ಅಲ್ಲೊಂದು ಟಿಪ್ಪಣಿ ಸೇರಿಸುತ್ತೇನೆ. ಕೊಟ್ಟ ಅರ್ಥ ಸರಿಯಾದದ್ದೇ. ಆದರೆ ಲ್ಯಾಟಿನ್ನಿನಲ್ಲಿ ಇದು ನಾಮಪದವಲ್ಲ, ‘ನಾವು ಅರಿಯೆವು’ ಎಂದು ಹೇಳುವ ಕ್ರಿಯಾಪದ.

ಇಂಗ್ಲೆಂಡಿನಲ್ಲಿ ಒಬ್ಬನನ್ನು ವಿಚಾರಣೆಗೆ ಒಳಪಡಿಸುವ ಮುನ್ನ ಆರೋಪಪತ್ರವು ಗ್ರ್ಯಾಂಡ್ ಜ್ಯೂರಿಯ, ಅಂದರೆ ಆರೋಪವು ವಿಚಾರಣೆಗೆ ತಕ್ಕದ್ದೇ ಎಂದು ನಿರ್ಧರಿಸುವ ನಾಗರಿಕರ ಮಂಡಳಿಯ ಮುಂದೆ ಬರುತ್ತಿತ್ತು. ಆರೋಪ ಹೊರಿಸಿದವರ ಸಾಕ್ಷ್ಯವನ್ನಷ್ಟೇ ಕೇಳಿ, ಅದರಲ್ಲಿ ಹುರುಳಿದ್ದರೆ ಪತ್ರದ ಬೆನ್ನ ಮೇಲೆ ‘ಬಿಲ್ಲಾ ವೇರಾ’, ಅಂದರೆ ‘ನಿಜವಾದ ಆರೋಪ’ ಎಂದೂ, ಸಾಕ್ಷ್ಯ ಸಾಲದಿದ್ದರೆ ‘ಇಗ್ನೊರೇಮಸ್’ ಎಂದೂ ಮಂಡಳಿಯವರು ಬರೆಯುತ್ತಿದ್ದರು. ಹಾಗೆ ಬರೆದವರು ತಮ್ಮ ದಡ್ಡತನವನ್ನು ಒಪ್ಪಿಕೊಳ್ಳುತ್ತಿರಲಿಲ್ಲ; ಸಾಬೀತಾಗದ ಮಾತನ್ನು ತಿಳಿದವರಂತೆ ನುಡಿಯಲಾರೆವು ಎನ್ನುತ್ತಿದ್ದರು. ಈ ಪ್ರಾಮಾಣಿಕತೆ ಪದದ ಇಂದಿನ ಅರ್ಥದಲ್ಲಿ ಅಳಿಸಿಹೋಗಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

1615ರಲ್ಲಿ ಕೇಂಬ್ರಿಜ್‌ನಲ್ಲಿ ದೊರೆ ಒಂದನೆಯ ಜೇಮ್ಸನ ಸಮ್ಮುಖದಲ್ಲಿ ಜಾರ್ಜ್ ರಗಲ್ ಬರೆದ ‘ಇಗ್ನೊರೇಮಸ್’ ಎಂಬ ಲ್ಯಾಟಿನ್ ಪ್ರಹಸನವನ್ನು ಆಡಲಾಯಿತು. ನ್ಯಾಯಾಲಯದ ಹರಕು ಲ್ಯಾಟಿನ್ ಬಿಟ್ಟು ಬೇರೇನೂ ತಿಳಿಯದ ವಕೀಲನೊಬ್ಬನಿಗೆ ಅದರಲ್ಲಿ ಇದೇ ಹೆಸರು. ಪದವು ವ್ಯಕ್ತಿಗೆ ಅಂಟಿಕೊಂಡದ್ದು ಆ ಕಾಲದಲ್ಲಿ. ಆದರೂ ಹಳೆಯ ಅರ್ಥ ಕೂಡಲೇ ಸಾಯಲಿಲ್ಲ: 1681ರಲ್ಲಿ ಶಾಫ್ಟ್ಸ್‌ಬರಿಯ ಅರ್ಲ್ ಎಂಬ ರಾಜಕಾರಣಿಯ ಮೇಲಿನ ರಾಜದ್ರೋಹದ ಆರೋಪವನ್ನು ಲಂಡನ್ನಿನ ಜ್ಯೂರಿ ಇದೇ ಒಂದು ಪದದಿಂದ ತಳ್ಳಿಹಾಕಿತು.

ಬೇರಿನ ಕಡೆಗೆ ಹೋದರೆ ಲ್ಯಾಟಿನ್ನಿನ ‘ಗ್ನೋ’ ಮತ್ತು ಸಂಸ್ಕೃತದ ‘ಜ್ಞಾ’ ಒಂದೇ ಮೂಲದವು, ನಿಷೇಧದ ‘ಇನ್’ ಮತ್ತು ‘ಅ’ ಕೂಡ ಹಾಗೆಯೇ. ಕೊನೆಯ ‘ಮಸ್’ ಎಂಬುದು ‘ಜಾನೀಮಃ’ ಎಂಬಲ್ಲಿನ ‘ಮಃ’ಗೆ ಸಂಬಂಧಿ. ಹೀಗಾಗಿ ‘ಅಜ್ಞ’ ಇದರ ದೂರದ ನೆಂಟ. ಕನ್ನಡದ ‘ಅರಿಯೆವು’ ಬೇರೆ ಕುಲದ್ದಾದರೂ ಅರ್ಥದಲ್ಲಿ ಇನ್ನೂ ಹತ್ತಿರದ್ದು. ಇಲ್ಲಿ ನಿಷೇಧಕ್ಕೆಂದು ಪ್ರತ್ಯೇಕ ಪ್ರತ್ಯಯವಿಲ್ಲ. ಕಾಲಪ್ರತ್ಯಯವನ್ನು ಬಿಟ್ಟು ‘ಅರಿ’ ಧಾತುವಿಗೆ ‘ನಾವು’ ಎಂಬುದರ ಪ್ರತ್ಯಯ ಹತ್ತಿದರೆ ಸಾಕು, ಲ್ಯಾಟಿನ್ನಿನಂತೆ ಒಂದೇ ಪದದಲ್ಲಿ ವಾಕ್ಯ ಮುಗಿಯುತ್ತದೆ.

ಇಂಗ್ಲಿಷಿನಲ್ಲಿ ಇದರ ಬಹುವಚನವನ್ನು ‘ಇಗ್ನೊರೇಮೈ’ ಎನ್ನುವವರೂ ಇದ್ದಾರೆ. ಆ ರೂಪ ಲ್ಯಾಟಿನ್ ನಾಮಪದಗಳಿಗೆ ಸಲ್ಲುವಂಥದ್ದು. ಮೊದಲೇ ಬಹುವಚನದಲ್ಲಿರುವ ಕ್ರಿಯಾಪದಕ್ಕೆ ಅದು ಹೊಂದುವುದಿಲ್ಲವಾದ್ದರಿಂದ ‘ಇಗ್ನೊರೇಮಸಸ್’ ಎಂಬುದೇ ಸರಿ.